ಕಂತ್ರಿ ನಾಯಿಗೊಂದು ಹೆಸರು

(ಬ್ನೇದ್ ಅಲ್ ಗಾರ್‌ನಲ್ಲಿ ಸೇರಿದ್ದ ಸದಸ್ಯರ ಮುಂದೆ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ತಾಯ್ನಾಡಿನಿಂದ ಬಂದ ಉಪನ್ಯಾಸಕನು ಪಂಪನನ್ನೋ ಬಸವಣ್ಣನನ್ನೋ ಕುರಿತು ಮಾತನಾಡುವುದು ವಾಡಿಕೆ. ನಾನೂ ಅದಕ್ಕೇ ಸಿದ್ಧನಾಗಿ ಬಂದಿದ್ದೆ. ಆದರೆ ಮೂರು ದಿನಗಳಿಂದ ನಾನು ತಂಗಿರುವ ಮನೆಯಲ್ಲಿ ಒಂದು ಕರಿಯ ನಾಯಿ ನನ್ನ ಟಿಪ್ಪಣಿಗಳ ಮೇಲೆಯೇ ಮಲಗುತ್ತಿದೆ. ಅಧ್ಯಕ್ಷರ ಅನುಮತಿ ಪಡೆದು ವಿಷಯವನ್ನು ಬದಲಿಸಿದ್ದೇನೆ.

ಈ ನಾಯಿಯ ತಾಯಿ ಬಿಳಿಯ ಬಣ್ಣದ, ಉದ್ದ ಕೂದಲಿನ ಸ್ಪಿಟ್ಜ್. ನಮ್ಮಲ್ಲಿ ಪೊಮೆರೇನಿಯನ್ ಎಂದೇ ಕರೆಯುತ್ತಾರೆ. ಅದನ್ನು ಸಾಕಿದವರು ಒಂದು ಸಂಜೆ ಗೇಟು ಹಾಕಲು ಮರೆತರು. ಎರಡು ತಿಂಗಳ ಬಳಿಕ ನಾಲ್ಕು ಮರಿಗಳಾದವು. ಒಂದೂ ತಾಯಿಯನ್ನು ಹೋಲಲಿಲ್ಲ. ಎಲ್ಲರೂ ಬೇಡವೆಂದ ಕರಿಯ ಮರಿಯನ್ನು ನನ್ನ ಆತಿಥೇಯರು ತಂದರು. ಅರಬ್ಬಿಯಲ್ಲಿ ಗಾರ್ ಎಂದರೆ ಡಾಂಬರು, ಮರದ ಹಡಗುಗಳಿಗೆ ಬಳಿಯುತ್ತಿದ್ದ ಕಪ್ಪು ವಸ್ತು. ಬಡಾವಣೆಯ ಹೆಸರಿನಲ್ಲೇ ಮರಿಯ ಬಣ್ಣವಿತ್ತು. ಮನೆಯ ಮಗಳು ‘ಗಾರ್’ ಎಂದು ಕರೆದಳು; ಊರಿನಿಂದ ಫೋನಿನಲ್ಲಿ ಅಜ್ಜಿ ಅದನ್ನು ‘ಗಾರಪ್ಪ’ ಮಾಡಿದರು.

ಈಗ ಆತಿಥೇಯರ ಉದ್ಯೋಗದ ಅವಧಿ ಮುಗಿಯುತ್ತಿದೆ. ಕುಟುಂಬ ಊರಿಗೆ ಮರಳಬೇಕು. ಮೊನ್ನೆ ಊಟಕ್ಕೆ ಬಂದಿದ್ದ ಹಿತೈಷಿಗಳೊಬ್ಬರು, “ಜಾತಿ ನಾಯಿಯಾಗಿದ್ದರೆ ಸರಿ ಸ್ವಾಮಿ, ಕಂತ್ರಿ ನಾಯಿಗೆ ಅಷ್ಟು ಖರ್ಚೇ? ಯಾರಿಗಾದರೂ ಕೊಟ್ಟುಬಿಡಿ, ಇಲ್ಲವೇ ಹೊರಗೆ ಬಿಡಿ” ಎಂದರು. ಮಗಳು ಅನ್ನ ಬಿಟ್ಟು ಎದ್ದುಹೋದಳು. ಆ ಎರಡು ಶಬ್ದಗಳು, ‘ಜಾತಿ’ ಮತ್ತು ‘ಕಂತ್ರಿ’, ನನ್ನನ್ನು ಆ ರಾತ್ರಿ ನಿದ್ದೆಗೆಡಿಸಿದವು.

‘ಕಂತ್ರಿ’ ನಮ್ಮದೆಂದು ತೋರಿದರೂ ಅದು ಇಂಗ್ಲಿಷಿನ ‘ಕಂಟ್ರಿ’ ಎಂಬುದರ ತದ್ಭವ. ಬಿಳಿಯರು ಈ ನಾಡಿನದೆಲ್ಲವನ್ನೂ ‘ಕಂಟ್ರಿ’ ಎಂದು ಕೀಳುಗಳೆದರು; ನಾವು ಅದನ್ನು ಅಕ್ಕರೆಯಿಂದ ಎತ್ತಿಕೊಂಡು ನಮ್ಮ ನಾಯಿಯನ್ನೇ ಬಯ್ಯಲು ಬಳಸಿದೆವು. ವಿದೇಶೀ ತಳಿಗೆ ‘ಜಾತಿ ನಾಯಿ’ ಎಂಬ ಗೌರವ ಕೊಟ್ಟೆವು. ನಾಯಿಗೂ ಜಾತಿಯನ್ನು ಹಚ್ಚಿದ ಮೇಲೆ ‘ಬೆರಕೆ’ ಎಂಬುದು ಬೈಗುಳವಾಗದೆ ಇರುವುದೇ? ಬೆರಕೆ ಸೊಪ್ಪಿನ ಸಾರನ್ನು ಬಾಯಿ ಚಪ್ಪರಿಸಿ ಉಣ್ಣುವವರೂ ನಾವೇ.

ಇನ್ನು ಬಿಳಿಯ ತಾಯಿಗೆ ಕರಿಯ ಮರಿ ಹುಟ್ಟಿದ ಸಂಗತಿ. ಇದರಲ್ಲಿ ಪವಾಡವೇನೂ ಇಲ್ಲ. ಸ್ಪಿಟ್ಜ್‌ನಂತಹ ನಾಯಿಗಳ ಬಿಳಿ ಬಣ್ಣವೂ ಉದ್ದ ಕೂದಲೂ ಅಡಗುವ ಗುಣಗಳು. ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಅವು ಮೈಮೇಲೆ ಕಾಣುತ್ತವೆ. ತಂದೆಯ ಕಡೆಯಿಂದ ಕಪ್ಪು ಬಣ್ಣ, ಗಿಡ್ಡ ಕೂದಲು ಬಂದರೆ ತಾಯಿಯ ಪಾಲು ಒಳಗೆ ಮರೆಯಾಗಿ ಉಳಿಯುತ್ತದೆ; ಮೊಮ್ಮಕ್ಕಳಲ್ಲಿ ಮತ್ತೆ ಹೊರಬಿದ್ದೀತು. ಅಷ್ಟೇ ಅಲ್ಲ, ಬೆದೆಗೆ ಬಂದ ಹೆಣ್ಣುನಾಯಿ ಹಲವು ದಿನ ಗರ್ಭ ಧರಿಸಬಲ್ಲುದಾದ್ದರಿಂದ ಒಂದೇ ಸೂಲಿನ ಮರಿಗಳಿಗೆ ಬೇರೆಬೇರೆ ತಂದೆಯರಿರುವುದೂ ಸಾಧ್ಯ. ಆದುದರಿಂದ ಮುಖ ನೋಡಿ ಇದು ಇಂಥದರ ಬೆರಕೆ ಎಂದು ಹೇಳುವುದು ಬಹುಪಾಲು ಊಹೆಯೇ. ಸ್ವಭಾವದ ಮಾತೂ ಹೀಗೆಯೇ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ, 18,000ಕ್ಕೂ ಹೆಚ್ಚು ನಾಯಿಗಳನ್ನು ಒಳಗೊಂಡ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಶೇಕಡ 9ರಷ್ಟು ಮಾತ್ರ.

ಶುದ್ಧ ತಳಿಯೆಂಬುದಾದರೂ ಎಲ್ಲಿಂದ ಬಂತು? ನಮ್ಮ ಮುಧೋಳ ನಾಯಿಯನ್ನೇ ನೋಡಿ. ಬೇಡರು ಬೇಟೆಗೆ ಒಯ್ಯುತ್ತಿದ್ದ ನಾಯಿಗಳನ್ನು ಕಂಡು ಮೆಚ್ಚಿ ಬೆಳೆಸಿದವರು ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು. ಅವರು ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಒಪ್ಪಿಸಿದ ಮೇಲೆ ‘ಮುಧೋಳ ಹೌಂಡ್’ ಎಂಬ ಹೆಸರು ನಿಂತಿತೆಂದು ಪ್ರತೀತಿ. ಅದಕ್ಕೆ ‘ಕಾರವಾನಿ’ ಎಂಬ ಇನ್ನೊಂದು ಹೆಸರೂ ಉಂಟು. ಸಾರ್ಥವಾಹರ ಜೊತೆ ಪಶ್ಚಿಮದಿಂದ ಬಂದುದೆಂಬ ನಂಬಿಕೆಯ ಗುರುತು ಅದು. ಹಾಗಿದ್ದರೆ ಈ ಮರುಭೂಮಿಯ ಸಲೂಕಿ ಅದರ ದಾಯಾದಿಯೇ ಆದೀತು. ಬೆದುಯಿನರು ಸಲೂಕಿಯನ್ನು ‘ಕಲ್ಬ್’, ಅಂದರೆ ನಾಯಿ, ಎಂದು ಕರೆಯಲೂ ಒಪ್ಪುತ್ತಿರಲಿಲ್ಲವಂತೆ! 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ಮುಧೋಳ ನಾಯಿಗೂ ಹೆಸರು ಬರುವ ಮುನ್ನ ವಂಶಾವಳಿಯ ಕಾಗದವಿರಲಿಲ್ಲ.

ನನ್ನ ಮಾತಿಗೆ ನಿಜವಾದ ಸಾಕ್ಷಿ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಕ್ರಿ.ಶ. 949ರ ಸುಮಾರಿನದು, ಈಗ ಬೆಂಗಳೂರಿನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ ಗಂಗರ ಬೂತುಗನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಕೆತ್ತಿಸಿದರು. ಇಷ್ಟೆಲ್ಲ ಬರೆಯಿಸಿದವರು ಕಾಳಿ ಯಾವ ತಳಿಯದೆಂದು ಹೇಳುವ ಗೋಜಿಗೇ ಹೋಗಲಿಲ್ಲ. ಹೆಸರು ಹೇಳಿದರು, ಹೆಸರಿನ ಹಿಂದೆಯೇ ಹೊಣೆಯನ್ನು ಹೇಳಿದರು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಹುಲಿಯ ನೆನಪಿರಬಹುದು. ಅಲ್ಲಿ ನಾಯಿಯಿಂದಲೇ ಒಡೆಯನಿಗೆ ‘ನಾಯಿಗುತ್ತಿ’ ಎಂಬ ಹೆಸರು ಬರುತ್ತದೆ. ಹುಲಿಯ ತುಂಗೆಯ ಪಾಲಾದಾಗ ಗುತ್ತಿಯ ದುಃಖವನ್ನು ನೋಡಿ ಅದರ ತಳಿಯನ್ನು ಕೇಳುವ ಓದುಗನುಂಟೇ?

1990ರ ಆಗಸ್ಟ್ 2ನ್ನು ಈ ಸಭೆಯ ಹಿರಿಯರಿಗೆ ನಾನು ನೆನಪಿಸಬೇಕಾಗಿಲ್ಲ. ಸುಮಾರು 1,70,000 ಭಾರತೀಯರು ತೆರವಾದ ಆ ದಿನಗಳಲ್ಲಿ ಕೈಗೆ ಸಿಕ್ಕ ಚೀಲದೊಡನೆ ಹೊರಟವರು ಸಾಕುಪ್ರಾಣಿಯನ್ನು ಬಿಟ್ಟು ಹೋಗಿದ್ದರೆ ಅವರನ್ನು ದೂರುವಂತಿಲ್ಲ. ಆದರೆ ಆರು ತಿಂಗಳ ಮೊದಲೇ ದಿನಾಂಕ ತಿಳಿದು, ಪೀಠೋಪಕರಣ ಮಾರಿ, ಉಡುಗೊರೆ ಕೊಂಡು ಹೊರಡುವ ಪ್ರಯಾಣ ಬೇರೆ. 2016ರ ಜುಲೈಯಲ್ಲಿ ಈ ದೇಶದ ಮಿತ್ರಿಬಾದಲ್ಲಿ 53.9 ಡಿಗ್ರಿ ಉಷ್ಣತೆ ದಾಖಲಾಯಿತು. ತಂಪು ಕೋಣೆಯಲ್ಲಿ ಬೆಳೆದ ನಾಯಿಯನ್ನು ಅಂಥ ಬೀದಿಗೆ ಬಿಡುವುದಕ್ಕೆ ‘ಹೊರಗೆ ಬಿಡುವುದು’ ಎಂಬ ಮಾತು ತೀರ ಸೌಮ್ಯವಾಯಿತು.

ಊರಿಗೆ ಕರೆದೊಯ್ಯಲು ರೇಬೀಸ್ ಲಸಿಕೆಯ ದಾಖಲೆ, ಪಶುವೈದ್ಯರ ಆರೋಗ್ಯ ಪತ್ರ, ಭಾರತದ ಕ್ವಾರಂಟೈನ್ ಅಧಿಕಾರಿಗಳ ನಿರಾಕ್ಷೇಪಣಾ ಪತ್ರ ಬೇಕು. ಚರ್ಮದಡಿಯಲ್ಲಿ 15 ಅಂಕಿಗಳ ಮೈಕ್ರೋಚಿಪ್ ಇರುವುದೂ ಒಳ್ಳೆಯದು. ನಿಯಮಗಳು ಬದಲಾಗುತ್ತಿರುತ್ತವೆ, ಬೇಸಗೆಯಲ್ಲಿ ವಿಮಾನ ಸಂಸ್ಥೆಗಳು ಪ್ರಾಣಿಗಳನ್ನು ಒಯ್ಯಲು ಹಿಂಜರಿಯುತ್ತವೆ. ಆದ್ದರಿಂದ ಹಲವು ತಿಂಗಳು ಮೊದಲೇ ಆರಂಭಿಸಬೇಕು. ಖರ್ಚು ಸಣ್ಣದಲ್ಲ, ಅದನ್ನು ಮರೆಮಾಚಲಾರೆ. ನಿಜವಾಗಿಯೂ ಒಯ್ಯಲಾಗದವರು ಅಕ್ಕರೆಯ ಮನೆಯೊಂದನ್ನು ಹುಡುಕಲಿ. ಅದಕ್ಕೂ ಸಮಯ ಬೇಕು.

ನನ್ನ ಆತಿಥೇಯರು ನಿನ್ನೆ ರಾತ್ರಿ ಅರ್ಜಿಗಳನ್ನು ತುಂಬಲು ಕುಳಿತರು. ಬಣ್ಣ: ಕಪ್ಪು. ತಳಿ ಎಂಬಲ್ಲಿ ಕ್ಷಣಕಾಲ ತಡೆದು ‘ಮಿಶ್ರ’ ಎಂದು ಬರೆದರು. ಚರ್ಚೆ ನಡೆದದ್ದು ಹೆಸರಿನ ಬಗ್ಗೆ ಮಾತ್ರ. ಇಂಗ್ಲಿಷ್ ಅಕ್ಷರಗಳಲ್ಲಿ ‘ಗಾರಪ್ಪ’ ಎಂದು ಬರೆಯುವಾಗ ‘ಪಿ’ ಒಂದು ಸಾಕೆಂದು ತಂದೆ, ಎರಡು ಬೇಕೆಂದು ಮಗಳು. ಎರಡನ್ನೇ ಬರೆದರು.