ಪತ್ತು ಯಾರದು?

ಊರಿನ ಸಹಕಾರಿ ಸಂಘದ ಬಾಗಿಲ ಮೇಲೆ 'ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ' ಎಂಬ ಹಲಗೆಯನ್ನು ಧಾರವಾಡ ಸೀಮೆಯ ವಾಚಕರೆಲ್ಲರೂ ಕಂಡಿರುತ್ತಾರೆ. ಒಮ್ಮೆ ತರಗತಿಯಲ್ಲಿ ಈ 'ಪತ್ತು' ಎಂದರೇನೆಂದು ಕೇಳಿದೆನು. ಹಳಗನ್ನಡವನ್ನು ಹೊಸದಾಗಿ ಓದಿಕೊಂಡಿದ್ದ ವಿದ್ಯಾರ್ಥಿಯೊಬ್ಬನು 'ಹತ್ತು' ಎಂದನು, ಎಲ್ಲರೂ ನಕ್ಕರು. ಇನ್ನೊಬ್ಬನು 'ಸಾಲ' ಎಂದನು. ಅದೂ ಪೂರ್ಣ ಸರಿಯಲ್ಲ. ನೆರೆಯ ಮರಾಠಿಯ 'ಪತ' ಎಂಬ ಮಾತಿಗಿರುವಂತೆ ಇದಕ್ಕೂ ನಂಬಿಕೆ, ಮರ್ಯಾದೆ ಎಂಬ ಅರ್ಥಗಳುಂಟು. ಇವನು ಆಡಿದ ಮಾತಿಗೆ ತಪ್ಪುವವನಲ್ಲವೆಂದು ನಾಲ್ಕು ಜನ ನಂಬುವುದೇ ಪತ್ತು. ಸಾಲವು ಅದರ ಫಲ. ಹಾಗಾದರೆ ಊರಿನಲ್ಲಿ ಯಾರಿಗೆ ಪತ್ತುಂಟು, ಯಾರಿಗಿಲ್ಲ ಎಂಬುದನ್ನು ನಿಶ್ಚಯಿಸುವವರು ಯಾರು?

ಈ ಮಾತಿಗೂ ನಮ್ಮ ನಾಡಿಗೂ ಹಳೆಯ ನಂಟು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಒಂದು ಸಂಘವನ್ನು ಕಟ್ಟಿದರು. ದೇಶದ ಮೊದಲ ಸಹಕಾರಿ ಪತ್ತಿನ ಸಂಘವೆಂಬ ಕೀರ್ತಿ ಅದರದು. ಆ ಕಾಯ್ದೆಯಂತೆ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆ ಅಪರಿಮಿತ. ಒಬ್ಬನು ತೀರಿಸದಿದ್ದರೆ ಉಳಿದವರೆಲ್ಲರೂ ತೀರಿಸಬೇಕು. ಜರ್ಮನಿಯಲ್ಲಿ ರೈಫೈಸೆನ್ನನು ಹತ್ತೊಂಬತ್ತನೆಯ ಶತಮಾನದಲ್ಲಿ ಬಡ ರೈತರಿಗಾಗಿ ಕಟ್ಟಿದ ಸಂಘಗಳ ತತ್ತ್ವವೂ ಇದೇ. ನೆರೆಯವನನ್ನು ನೆರೆಯವನು ಬಲ್ಲನೆಂಬುದೇ ಅಲ್ಲಿ ಮುಖ್ಯವಾದ ಆಧಾರ.

ಕಾಲಕ್ರಮದಲ್ಲಿ ಆ ಪರಿಚಯದ ಸ್ಥಾನವನ್ನು ಪಹಣಿ ಪತ್ರವು ಆಕ್ರಮಿಸಿತು. 1951–52ರ ಅಖಿಲ ಭಾರತ ಗ್ರಾಮೀಣ ಸಾಲದ ಸಮೀಕ್ಷೆಯಲ್ಲಿ ಸಹಕಾರಿ ಸಂಘಗಳ ಪಾಲು ರೈತನ ಸಾಲದಲ್ಲಿ ನೂರಕ್ಕೆ 3.1 ಮಾತ್ರವೆಂದು ಕಂಡುಬಂದಿತ್ತು. ಆಮೇಲೆ ಸಂಘಗಳು ಬೆಳೆದವು, ನಿಜ. ಆದರೆ ಬೆಳೆಸಾಲವನ್ನು ಅಳೆಯುವುದು ಎಕರೆಯ ಲೆಕ್ಕದಲ್ಲಿ. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆನೆಲದಲ್ಲಿ ಹೆಸರು, ಕಡಲೆ, ಹತ್ತಿ, ಮೆಣಸಿನಕಾಯಿ ಬೆಳೆಯುವವನ ಹೆಸರು ಪಹಣಿಯಲ್ಲಿದ್ದರೆ ಅವನಿಗೆ ಸಂಘದ ಬಾಗಿಲು ತೆರೆದಿರುತ್ತದೆ. ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರವು 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗಳಿಗೆ ಏರಿಸಿತು. ಒಕ್ಕಲಿಗನ ಕಷ್ಟ ಬಲ್ಲವರು ಇದನ್ನು ಬೇಡವೆನ್ನಲಾರರು. ಆದರೆ ಅದೇ ಹೊಲದಲ್ಲಿ ಕಳೆ ತೆಗೆಯುವ ಕೂಲಿಯವಳಿಗೆ ಈ ಸಾಲವಿಲ್ಲ. ಮಗಳ ಮದುವೆಗೋ ಗಂಡನ ಔಷಧಕ್ಕೋ ಅವಳು ಬಡ್ಡಿಯ ಹಣವನ್ನೇ ತರಬೇಕು. ನೆಲವುಳ್ಳವನಿಗೆ ಹಣ ಅಗ್ಗ, ನೆಲವಿಲ್ಲದವನಿಗೆ ತುಟ್ಟಿ. ನೆಲವು ಯಾರ ಕೈಯಲ್ಲಿ ಇರಲಿಲ್ಲವೆಂಬುದನ್ನು ಹುಟ್ಟಿದ ಕೇರಿಯೇ ಬಹುಮಟ್ಟಿಗೆ ನಿರ್ಣಯಿಸಿತ್ತಲ್ಲವೆ?

ಇದರ ಅತ್ಯಂತ ಸ್ಪಷ್ಟವಾದ ರೂಪವನ್ನು ಕಾಣಲು ಎರೆಸೀಮೆಯಿಂದ ಪಶ್ಚಿಮಕ್ಕೆ, ಕಲಘಟಗಿಯ ಕಾಡಿನಂಚಿಗೆ ಹೋಗಬೇಕು. ಅಲ್ಲಿ ಸಿದ್ದಿಗಳಿದ್ದಾರೆ. ಇವರ ಪೂರ್ವಜರಲ್ಲಿ ಬಹುಮಂದಿ ಆಫ್ರಿಕದಿಂದ ಗೋವೆಗೆ ಪೋರ್ತುಗೀಜರು ಗುಲಾಮರನ್ನಾಗಿ ತಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡನ್ನು ಹೊಕ್ಕವರು. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸಲ್ಮಾನರಿದ್ದಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಅವರ ಹೆಂಗಸರು ಹೊಲಿಯುವ ಕವದಿಗಳನ್ನು ಇಂದು ದೂರದ ಊರಿನವರೂ ಮೆಚ್ಚುತ್ತಾರೆ. ಆದರೆ ತಲೆಮಾರುಗಳ ಕಾಲ ಅವರು ದುಡಿದದ್ದು ಬಹುಪಾಲು ಪರರ ಗದ್ದೆಯಲ್ಲಿ. ಪಡೆದ ಸಾಲ ಧಣಿಯದು, ತೀರಿಸಿದ್ದು ಮೈದುಡಿಮೆಯಿಂದ.

ಕಾಯ್ದೆಯು ಅವರಿಗೆ ಮಾಡಿದ ವಿಚಿತ್ರವನ್ನು ನೋಡಿರಿ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಯನ್ನು ಸೇರಿದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಸೇರಿದ್ದು 2020ರ ತಿದ್ದುಪಡಿಯಿಂದ. ಮುಖ ಅದೇ, ಮೂಲ ಅದೇ, ಬಡತನವೂ ಅದೇ. ನಡುವೆ ಇದ್ದುದು ಜಿಲ್ಲೆಯ ಗಡಿಗೆರೆಯೊಂದೇ. ಆ ಗೆರೆಯ ಬೆಲೆ 17 ವರ್ಷ. 2006ರ ಅರಣ್ಯ ಹಕ್ಕುಗಳ ಕಾಯ್ದೆಯಂತೆ ಕಾಡಿನ ಸಾಗುವಳಿಗೆ ಹಕ್ಕು ಕೇಳುವ ಪಂಗಡದವನು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನವನ್ನು ತೋರಿಸಿದರೆ ಸಾಕು. ಪಟ್ಟಿಯ ಹೊರಗಿನವನು ಅದಕ್ಕೂ ಹಿಂದಿನ ಮೂರು ತಲೆಮಾರಿನ, ಎಂದರೆ 75 ವರ್ಷಗಳ ವಾಸಕ್ಕೆ ಸಾಕ್ಷ್ಯ ಒದಗಿಸಬೇಕು. ಅಕ್ಷರವನ್ನೇ ಕಾಣದ ಅಜ್ಜನ ಕಾಲದ ಕಾಗದವನ್ನು ಮೊಮ್ಮಗನು ಎಲ್ಲಿಂದ ತಂದಾನು? ಹಕ್ಕುಪತ್ರ ದೊರೆತರೂ ಆ ಭೂಮಿಯನ್ನು ಪರಭಾರೆ ಮಾಡುವಂತಿಲ್ಲ. ಸಾಹುಕಾರನು ಅದನ್ನು ಕಿತ್ತುಕೊಳ್ಳದಿರಲೆಂದು ಇಟ್ಟ ಈ ಕಟ್ಟು ನ್ಯಾಯವಾದುದೇ. ಆದರೆ ಅದರಿಂದಲೇ ಬ್ಯಾಂಕಿನ ಅಡವಿಗೂ ಅದು ಸಲ್ಲದಾಯಿತು.

ಅಮೆರಿಕದಲ್ಲಿಯೂ ಇಂಥದೇ ಕಥೆಯುಂಟು. 1930ರ ದಶಕದಲ್ಲಿ ಅಲ್ಲಿಯ ಸರ್ಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕಾಶೆಗಳಲ್ಲಿ ನೀಗ್ರೋ ಜನರ ಕೇರಿಗಳಿಗೆ ಕೆಂಪು ಬಣ್ಣ ಬಳಿದು, ಇಲ್ಲಿ ಸಾಲ ಅಪಾಯಕರವೆಂದು ಸೂಚಿಸಿತು. 1973ರಲ್ಲಿ ಷಿಕಾಗೊ ನಗರದ ಸೌತ್ ಷೋರ್ ಬ್ಯಾಂಕನ್ನು ಕೆಲವರು ಕೊಂಡು, ಅಂಥ ಕೇರಿಗೇ ಸಾಲ ಕೊಟ್ಟು ಕೇರಿಯನ್ನು ಎತ್ತುವ ಕಾರ್ಯಕ್ಕೆ ತೊಡಗಿಸಿದರು. 1977ರ ಕಾಯ್ದೆಯು, ಠೇವಣಿ ಪಡೆಯುವ ಕೇರಿಯ ಸಾಲದ ಅಗತ್ಯವನ್ನೂ ಬ್ಯಾಂಕುಗಳು ಪೂರೈಸಬೇಕೆಂದಿತು. ಕಲಘಟಗಿಯಲ್ಲಿ ಯಾರೂ ಕೆಂಪು ಬಣ್ಣ ಬಳಿಯಲಿಲ್ಲ. ಪಹಣಿಯಲ್ಲಿ ಹೆಸರಿಲ್ಲದಿರುವುದೇ ಇಲ್ಲಿಯ ಕೆಂಪು ಗೆರೆ.

ಅದನ್ನು ಅಳಿಸುವ ಯತ್ನಗಳು ನಮ್ಮಲ್ಲಿಯೂ ನಡೆಯದೆ ಇಲ್ಲ. ಸಣ್ಣ ರೈತ, ಕೂಲಿಕಾರ, ಕುಶಲಕರ್ಮಿಗಳಿಗೆಂದೇ 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಹುಟ್ಟಿದವು. ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು 2005ರಲ್ಲಿ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಳಗೆ ಸೇರಿತು. ಅದೂ 2025ರ ಮೇ 1ರಂದು, ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಬ್ಯಾಂಕು ದೊಡ್ಡದಾದಷ್ಟೂ ಬಲ ಹೆಚ್ಚೀತು. ಆದರೆ ಹಳ್ಳಿಯ ಮುಖ ಪರಿಚಯ ಕಡಿಮೆಯಾಗದಂತೆ ನೋಡಿಕೊಳ್ಳಬೇಕಷ್ಟೆ. ಇದಕ್ಕಿಂತ ಆಶಾದಾಯಕವಾದುದು ಹೆಂಗಸರ ಸ್ವಸಹಾಯ ಸಂಘ. 1980ರ ದಶಕದಲ್ಲಿ ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯು ಪೋಷಿಸಿದ ಸಣ್ಣ ಗುಂಪುಗಳ ಅನುಭವದ ಬೆನ್ನಲ್ಲಿ, 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕಾರ್ಯಕ್ಕೆ ಕೈಹಾಕಿತು. ಹತ್ತು ಹದಿನೈದು ಹೆಂಗಸರು ವಾರವಾರವೂ ಉಳಿಸುತ್ತಾರೆ, ತಮ್ಮೊಳಗೇ ಕೊಟ್ಟು ಪಡೆಯುತ್ತಾರೆ; ಆ ಲೆಕ್ಕದ ಪುಸ್ತಕವನ್ನು ನೋಡಿ ಬ್ಯಾಂಕು ಗುಂಪಿಗೆ ಸಾಲ ಕೊಡುತ್ತದೆ. ಪಹಣಿ ಬೇಡ; ಒಬ್ಬಳಿಗೆ ಒಂಬತ್ತು ಜನರ ಮಾತೇ ಆಧಾರ. ಕಣಗಿನಹಾಳದ ಕಾಲದ ತತ್ತ್ವವೇ ಸೆರಗು ಹೊದ್ದು ಮರಳಿ ಬಂದಂತಾಯಿತು.

ಇದರಲ್ಲಿಯೂ ಅಪಾಯವಿಲ್ಲದಿಲ್ಲ. ಗುಂಪಿನ ಹೆಸರಿನಲ್ಲಿಯೇ ಹೆಚ್ಚು ಬಡ್ಡಿಗೆ ಹಣ ಕೊಟ್ಟು, ಮನೆಬಾಗಿಲಿಗೆ ಬಂದು ಪೀಡಿಸುವವರ ಹಾವಳಿಯಿಂದಾಗಿ 2025ರಲ್ಲಿ ರಾಜ್ಯವು ಬಲವಂತದ ವಸೂಲಿಯನ್ನು ತಡೆಯುವ ಕಾಯ್ದೆಯನ್ನು ತರಬೇಕಾಯಿತು. ನೆರೆಯವಳ ಹೊಣೆಯನ್ನು ನೆರವಾಗಿಯೂ ಬಳಸಬಹುದು, ಕುಣಿಕೆಯಾಗಿಯೂ ಬಳಸಬಹುದು. ಲಾಭವು ಗುಂಪಿನ ಪೆಟ್ಟಿಗೆಯಲ್ಲಿ ಉಳಿಯುತ್ತದೆಯೋ ಊರನ್ನು ಬಿಟ್ಟು ಹೋಗುತ್ತದೆಯೋ ಎಂಬುದರಿಂದ ಇವೆರಡರ ಭೇದವನ್ನು ಅರಿಯಬಹುದು.

ಮನುಷ್ಯಕುಲವೆಲ್ಲ ಒಂದೆಂದು ಸಾವಿರ ವರ್ಷಗಳ ಹಿಂದೆಯೇ ನುಡಿದ ಪಂಪನಿಗೆ ಅಣ್ಣಿಗೇರಿಯು ತಾಯಿಯ ಕಡೆಯ ಊರು. ಆ ಮಾತನ್ನು ನಾವು ವರ್ಷವರ್ಷವೂ ತರಗತಿಯಲ್ಲಿ ಅರ್ಥೈಸುತ್ತೇವೆ, ಪರೀಕ್ಷೆಯಲ್ಲಿ ಕೇಳುತ್ತೇವೆ. ಕಲಘಟಗಿಯ ಸಿದ್ದಿ ಹೆಣ್ಣುಮಗಳೊಬ್ಬಳು ಸಂಘದ ಹಲಗೆಯ ಕೆಳಗೆ ನಿಂತಾಗ, ಒಳಗಿನವರು 'ಪಹಣಿ ಎಲ್ಲಿ?' ಎಂದು ಕೇಳುವ ಮೊದಲು 'ಬಾರವ್ವ, ಕೂಡು' ಎಂದರೆ, ಆ ಪಾಠವನ್ನು ಊರು ಕಲಿತಿದೆಯೆಂದು ತಿಳಿಯಬಹುದು.