ಐವತ್ತು ದಾಟಿದವರ ಓಟ

ಸರ್ಕಾರಿ ನೌಕರರ ಜಿಲ್ಲಾ ಕ್ರೀಡಾಕೂಟ ಸಮೀಪಿಸಿತೆಂದರೆ ಗುಬ್ಬಿ, ಕುಣಿಗಲ್ ಕಡೆಯ ಶಿಕ್ಷಕರು, ಗುಮಾಸ್ತರು ವೈದ್ಯರ ಬಳಿ ಬಂದು ಒಂದೇ ಪ್ರಶ್ನೆ ಕೇಳುತ್ತಾರೆ: ‘ತುಮಕೂರಿನ ಸ್ಟೇಡಿಯಂನಲ್ಲಿ ಓಡಲು ಹೆಸರು ಕೊಟ್ಟಿದ್ದೇನೆ, ಈ ವಯಸ್ಸಿನಲ್ಲಿ ಹೃದಯಕ್ಕೆ ತೊಂದರೆಯಿಲ್ಲವೇ?’ 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ತೀರಿಕೊಂಡ ಮೇಲಂತೂ ಮನೆಯವರ ಹೆದರಿಕೆ ಹೆಚ್ಚಿದೆ.

ವಯಸ್ಸೊಂದೇ ಓಟಕ್ಕೆ ಅಡ್ಡಿಯಲ್ಲ. ಮಾಸ್ಟರ್ಸ್ ಅಥ್ಲೆಟಿಕ್ಸ್ ಎಂಬ ಹಿರಿಯರ ವಿಶ್ವ ಸ್ಪರ್ಧೆಗಳಲ್ಲಿ 35 ವರ್ಷದಿಂದ ಮೇಲಕ್ಕೆ ಐದೈದು ವರ್ಷಕ್ಕೊಂದು ವಿಭಾಗವಿದೆ. ವಯಸ್ಸಿಗೆ ತಕ್ಕಂತೆ ಗುಂಡಿನ ತೂಕವೂ ಇಳಿಯುತ್ತದೆ. ನಲವತ್ತರ ಪುರುಷರು 7.26 ಕೆ.ಜಿ. ಎಸೆದರೆ, ಅರವತ್ತರವರಿಗೆ 5 ಕೆ.ಜಿ., ಎಂಬತ್ತರವರಿಗೆ 3 ಕೆ.ಜಿ. 2022ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ನಮ್ಮ ದೇಶದ 94ರ ಅಜ್ಜಿ ಭಗವಾನಿ ದೇವಿ 100 ಮೀಟರನ್ನು 24.74 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು.

ಅಪಾಯವಿರುವುದು ಬೇರೆ ಕಡೆ. ವರ್ಷವಿಡೀ ಕುರ್ಚಿಯಲ್ಲಿ ಕುಳಿತವರು ಆ ಒಂದು ಬೆಳಿಗ್ಗೆ ಸೀಟಿ ಊದಿದೊಡನೆ ಶಕ್ತಿ ಮೀರಿ ಓಡುವುದಿದೆಯಲ್ಲ, ಅಲ್ಲಿ. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿಕೊಂಡಿದ್ದರೆ ನಾಡಿ, ರಕ್ತದೊತ್ತಡ ದಿಢೀರನೆ ಏರಿದಾಗ ಆ ಪದರ ಬಿರಿಯಬಹುದು. ಅಲ್ಲಿ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುತ್ತದೆ. ನಿತ್ಯ ವ್ಯಾಯಾಮ ಮಾಡುವವರಲ್ಲಿ ಈ ಸಾಧ್ಯತೆ ಬಹಳ ಕಡಿಮೆ. ಮಲಗಿಸಿ ತೆಗೆದ ಇ.ಸಿ.ಜಿ. ಸರಿಯಿದೆ ಎಂದಾಕ್ಷಣ ನಿಶ್ಚಿಂತರಾಗಬೇಡಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೀಡಿ–ಸಿಗರೇಟು ಅಥವಾ ಮನೆತನದಲ್ಲಿ ಹೃದಯರೋಗ ಇರುವವರು ಟ್ರೆಡ್‌ಮಿಲ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳತಕ್ಕದ್ದು.

ಅಭ್ಯಾಸಕ್ಕೆ ಕನಿಷ್ಠ ಮೂರು ತಿಂಗಳಿರಲಿ. ಮೊದಲ ತಿಂಗಳು ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ಸಾಕು. ನಂತರ ನಡುನಡುವೆ ನಿಧಾನದ ಓಟ. ಪೂರ್ತಿ ವೇಗ ಕೊನೆಗೆ, ಅದೂ ವಾರಕ್ಕೆ ಒಂದೆರಡು ದಿನ. ವಯಸ್ಸಾದಂತೆ ಸ್ನಾಯುಗಳು ಬಿಗಿಯುವುದರಿಂದ ತೊಡೆಯ ಹಿಂಭಾಗದಲ್ಲಿ ಪಟ್ಟನೆ ಹಿಡಿದುಕೊಂಡು ಕುಂಟುವವರೇ ಹೆಚ್ಚು. ಕುಣಿಗಲಿನಲ್ಲಿ ಹುಟ್ಟಿದ ರೇಸ್ ಕುದುರೆಯನ್ನೂ ಮೊದಲು ನಡೆಸಿ ಮೈ ಬಿಸಿ ಮಾಡಿಯೇ ಓಡಿಸುತ್ತಾರೆ. ನಾವು ಮಾತ್ರ ಸ್ಕೂಟರಿನಿಂದ ಇಳಿದವರು ನೇರ ಗೆರೆಯ ಮೇಲೆ ನಿಲ್ಲುತ್ತೇವೆ!

ಸ್ಪರ್ಧೆಯ ದಿನ ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಓಡಿದರೆ ಕಣ್ಣು ಕತ್ತಲಿಟ್ಟು ಬೀಳಬಹುದು. ಜೇಬಿನಲ್ಲಿ ಗ್ಲೂಕೋಸ್ ಅಥವಾ ಸಕ್ಕರೆ ಇರಲಿ. ಜ್ವರವಿದ್ದರೆ ಕಣಕ್ಕಿಳಿಯಲೇಬೇಡಿ. ಎದೆ ಬಿಗಿತ, ದವಡೆ ಅಥವಾ ಎಡತೋಳಿನ ನೋವು, ತಣ್ಣನೆಯ ಬೆವರು ಕಂಡರೆ ಅಲ್ಲೇ ನಿಲ್ಲಿ. ಅದನ್ನು ‘ಗ್ಯಾಸು’ ಎಂದು ಸೋಡಾ ಕುಡಿದು ಕಾಲ ಕಳೆಯದೆ ಇ.ಸಿ.ಜಿ. ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ.

ಗುರಿ ಮುಟ್ಟಿದೊಡನೆ ಕುಳಿತುಬಿಡಬಾರದು. ಕಾಲಿನಲ್ಲಿ ರಕ್ತ ನಿಂತು ತಲೆ ಸುತ್ತುತ್ತದೆ. ಐದು ನಿಮಿಷ ಮೆಲ್ಲಗೆ ನಡೆಯಿರಿ. ಹಾರ ಹಾಕಲು, ಫೋಟೋ ತೆಗೆಯಲು ಮನೆಯವರು ಅಷ್ಟು ಹೊತ್ತು ಕಾಯಲಿ.