ಕೀಲಿ ತಿರುಗಿದರೂ ಎಂಜಿನ್ ಚಾಲೂ ಆಗದಿದ್ದಾಗ: ಕಾರಿನ ಕಳ್ಳತನ ತಡೆ ವ್ಯವಸ್ಥೆಯ ದೋಷ ಪತ್ತೆ ಹೇಗೆ?

ಬ್ಯಾಟರಿ ಹೊಸದು. ಟ್ಯಾಂಕಿನಲ್ಲಿ ಇಂಧನವಿದೆ. ಹಿಂದಿನ ರಾತ್ರಿಯವರೆಗೆ ಕಾರು ಯಾವ ತಕರಾರನ್ನೂ ಮಾಡಿಲ್ಲ. ಆದರೆ ಬೆಳಿಗ್ಗೆ ಕೀಲಿ ತಿರುಗಿಸಿದರೆ ಎಂಜಿನ್ ಮಾತ್ರ ಚಾಲೂ ಆಗುವುದಿಲ್ಲ. ಇಂಥ ಸಂದರ್ಭದಲ್ಲಿ ಬಹುತೇಕ ಮಾಲೀಕರು ಮೊದಲು ಬ್ಯಾಟರಿಯನ್ನು, ನಂತರ ಸ್ಟಾರ್ಟರ್ ಮೋಟಾರನ್ನು ದೂರುತ್ತಾರೆ. ಅವೆರಡನ್ನೂ ಬದಲಾಯಿಸಿದ ಮೇಲೂ ಕಾರು ಕದಲದಿದ್ದಾಗ ಕೈಯಲ್ಲಿದ್ದ ಹಣವೂ ಹೋಗಿರುತ್ತದೆ, ಕೆಲಸದ ದಿನವೂ ಕಳೆದಿರುತ್ತದೆ. ಬಾಡಿಗೆ ಓಡಿಸಿ ಜೀವನ ಸಾಗಿಸುವ ಚಾಲಕನಿಗೆ ಅದು ಒಂದು ದಿನದ ಅನ್ನದ ಪ್ರಶ್ನೆ. ನಡುರಾತ್ರಿ ರೋಗಿಯನ್ನು ಆಸ್ಪತ್ರೆಗೆ ಸಾಗಿಸಬೇಕಾದ ಕುಟುಂಬಕ್ಕೆ ಅದಕ್ಕಿಂತಲೂ ದೊಡ್ಡ ಪ್ರಶ್ನೆ.

ಇಂಥ ಹಲವು ಪ್ರಕರಣಗಳಲ್ಲಿ ಎಂಜಿನ್ನಿನಲ್ಲಿ ದೋಷವೇ ಇರುವುದಿಲ್ಲ. ಕಳ್ಳನನ್ನು ತಡೆಯಲೆಂದು ಕಾರಿನೊಳಗೆ ಕುಳಿತಿರುವ 'ಇಮ್ಮೊಬಿಲೈಜರ್' ಎಂಬ ಕಾವಲುಗಾರ ತನ್ನ ಯಜಮಾನನನ್ನೇ ಗುರುತಿಸಲು ನಿರಾಕರಿಸಿರುತ್ತಾನೆ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿತರೆ ದೋಷ ಎಲ್ಲಿದೆ ಎಂಬುದನ್ನು ಮಾಲೀಕರೇ ಬಹುಮಟ್ಟಿಗೆ ಊಹಿಸಬಹುದು.

ಕೀಲಿಯೊಳಗಿನ ಗುಟ್ಟು

ಕಾರಿನ ಕೀಲಿಯ ಪ್ಲಾಸ್ಟಿಕ್ ಹಿಡಿಕೆಯೊಳಗೆ ಅಕ್ಕಿ ಕಾಳಿಗಿಂತ ತುಸು ದೊಡ್ಡದಾದ ಒಂದು ಚಿಪ್ ಇರುತ್ತದೆ. ಇದಕ್ಕೆ 'ಟ್ರಾನ್ಸ್‌ಪಾಂಡರ್' ಎಂದು ಹೆಸರು. ಇದಕ್ಕೆ ಸ್ವಂತ ಬ್ಯಾಟರಿ ಇಲ್ಲ. ಕೀಲಿ ತೂರಿಸುವ ರಂಧ್ರದ ಸುತ್ತ ತಾಮ್ರದ ತಂತಿಯ ಸುರುಳಿಯೊಂದನ್ನು ಅಳವಡಿಸಲಾಗಿರುತ್ತದೆ. ಇಗ್ನಿಷನ್ ಆನ್ ಮಾಡಿದೊಡನೆ ಆ ಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಸ್ ಆವರ್ತನದ ಕಾಂತಕ್ಷೇತ್ರವನ್ನು ಸೃಷ್ಟಿಸುತ್ತದೆ. ಅದರಿಂದಲೇ ಚಿಪ್‌ಗೆ ಬೇಕಾದ ಶಕ್ತಿ ದೊರೆತು, ಅದು ತನ್ನ ಗುರುತಿನ ಸಂಕೇತವನ್ನು ಹಿಂದಕ್ಕೆ ಕಳುಹಿಸುತ್ತದೆ.

ಆ ಸಂಕೇತ ಇಮ್ಮೊಬಿಲೈಜರ್ ಘಟಕದ ಸ್ಮೃತಿಯಲ್ಲಿರುವ ದಾಖಲೆಗೆ ಹೊಂದಿಕೆಯಾದರೆ, ಇಸಿಯು ಎಂದು ಕರೆಯಲಾಗುವ ಎಂಜಿನ್ ನಿಯಂತ್ರಣ ಘಟಕಕ್ಕೆ ಅನುಮತಿ ಹೋಗುತ್ತದೆ. ಹೊಂದಿಕೆಯಾಗದಿದ್ದರೆ ಇಸಿಯು ಇಂಧನ ಸಿಂಪಡಣೆಯನ್ನೋ ಕಿಡಿಯನ್ನೋ ತಡೆಹಿಡಿಯುತ್ತದೆ. ಕೆಲವು ಮಾದರಿಗಳಲ್ಲಿ ಸ್ಟಾರ್ಟರ್ ಮೋಟಾರನ್ನೇ ತಿರುಗಲು ಬಿಡುವುದಿಲ್ಲ. ಇಷ್ಟೂ ವ್ಯವಹಾರ ಒಂದು ಸೆಕೆಂಡಿಗಿಂತ ಕಡಿಮೆ ಅವಧಿಯಲ್ಲಿ ಮುಗಿಯುವುದರಿಂದ ಚಾಲಕನ ಗಮನಕ್ಕೆ ಬರುವುದೇ ಇಲ್ಲ.

ಹಳೆಯ ಅಂಬಾಸಿಡರ್ ಅಥವಾ ಜೀಪಿನಂತೆ ನಾಲ್ಕು ಜನ ಸೇರಿ ತಳ್ಳಿದರೆ ಇಂಥ ಕಾರು ಏಕೆ ಚಾಲೂ ಆಗುವುದಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ತಳ್ಳಿದಾಗ ಎಂಜಿನ್ ತಿರುಗುತ್ತದೆ ನಿಜ, ಆದರೆ ಅನುಮತಿ ಸಿಗದ ಇಸಿಯು ಇಂಧನ ಕೊಡುವುದಿಲ್ಲ.

ಬೆಳೆದು ಬಂದ ದಾರಿ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆ 1986ರ ಮಾದರಿಯ ಕಾರ್ವೆಟ್ ಕಾರಿನಲ್ಲಿ, ಕೀಲಿಯ ಅಲಗಿನೊಳಗೆ ವಿದ್ಯುತ್ ರೋಧಕವೊಂದನ್ನು ಹುದುಗಿಸಿ ಈ ಬಗೆಯ ರಕ್ಷಣೆಗೆ ನಾಂದಿ ಹಾಡಿತು. ಚಿಪ್ ಆಧಾರಿತ ವ್ಯವಸ್ಥೆ 1990ರ ದಶಕದಲ್ಲಿ ಯುರೋಪಿನಲ್ಲಿ ಹರಡಿತು. 1998ರಲ್ಲಿ ಜರ್ಮನಿ ಮತ್ತು ಬ್ರಿಟನ್‌ಗಳಲ್ಲಿ ಹೊಸ ಕಾರುಗಳಿಗೆ ಅದು ಕಡ್ಡಾಯವಾಯಿತು. ಆಸ್ಟ್ರೇಲಿಯಾ 2001ರಲ್ಲಿ, ಕೆನಡಾ 2007ರಲ್ಲಿ ಇದೇ ಹಾದಿ ಹಿಡಿದವು. ಭಾರತದಲ್ಲಿ 2000ದ ದಶಕದಲ್ಲಿ ಕಾರು ತಯಾರಕರು ಇದನ್ನು ಒಂದೊಂದಾಗಿ ತಮ್ಮ ಮಾದರಿಗಳಲ್ಲಿ ಅಳವಡಿಸತೊಡಗಿದರು. ಮಾರುತಿ ಕಾರುಗಳಲ್ಲಿ ಅದು 'ಐಕ್ಯಾಟ್ಸ್' ಎಂಬ ಹೆಸರಿನಲ್ಲಿ ಪರಿಚಿತವಾಯಿತು. ಈಗ ಕೆಲವು ದ್ವಿಚಕ್ರ ವಾಹನಗಳಲ್ಲೂ ಈ ವ್ಯವಸ್ಥೆ ಇದೆ.

ಈ ಕಾವಲುಗಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಇತ್ತೀಚಿನ ಅನುಭವವೇ ಸಾಕ್ಷಿ. ಅಲ್ಲಿ ಮಾರಾಟವಾದ ಹುಂಡೈ ಮತ್ತು ಕಿಯಾ ಸಂಸ್ಥೆಗಳ ಲಕ್ಷಾಂತರ ಕಾರುಗಳಲ್ಲಿ ಇಮ್ಮೊಬಿಲೈಜರ್ ಇರಲಿಲ್ಲ. ಸಾಮಾನ್ಯ ಯುಎಸ್‌ಬಿ ತಂತಿಯ ತುದಿಯಿಂದ ಅವುಗಳನ್ನು ಚಾಲೂ ಮಾಡುವ ವಿಡಿಯೊಗಳು 2021 ಮತ್ತು 2022ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹರಡಿ, ಕಳವು ಪ್ರಕರಣಗಳು ಮಿತಿಮೀರಿದವು. ಕಳವು ಮಾಡಿದ ಕಾರುಗಳ ಅಪಘಾತದಲ್ಲಿ ಪ್ರಾಣಹಾನಿಯೂ ಸಂಭವಿಸಿತು. 2023ರ ಫೆಬ್ರುವರಿಯಲ್ಲಿ ಎರಡೂ ಸಂಸ್ಥೆಗಳು ಸುಮಾರು 83 ಲಕ್ಷ ವಾಹನಗಳಿಗೆ ಉಚಿತ ತಂತ್ರಾಂಶ ಪರಿಷ್ಕರಣೆಯನ್ನು ಪ್ರಕಟಿಸಬೇಕಾಯಿತು. ತೊಂದರೆ ಕೊಟ್ಟಿತೆಂದು ಈ ವ್ಯವಸ್ಥೆಯನ್ನು ಕಿತ್ತುಹಾಕಿಸಲು ಹೊರಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಲಕ್ಷಣಗಳನ್ನು ಓದುವ ಬಗೆ

ಎಂಜಿನ್ ಚಾಲೂ ಆಗದಿರಲು ಹತ್ತಾರು ಕಾರಣಗಳಿರಬಹುದು. ಆದ್ದರಿಂದ ದೋಷ ಇಮ್ಮೊಬಿಲೈಜರ್‌ನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಕೀಲಿ ತಿರುಗುವುದೇ ಇಲ್ಲವೆಂದಾದರೆ ಅದು ಸ್ಟೀರಿಂಗ್ ಲಾಕ್‌ನ ಬಿಗಿತವಾಗಿರುವ ಸಂಭವ ಹೆಚ್ಚು. ಸ್ಟೀರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ಮೆಲ್ಲನೆ ಅಲುಗಿಸುತ್ತ ಕೀಲಿ ತಿರುಗಿಸಿದರೆ ಅದು ಬಿಡಿಸಿಕೊಳ್ಳುತ್ತದೆ. ಇದು ಯಾಂತ್ರಿಕ ಬೀಗವೇ ಹೊರತು ಇಮ್ಮೊಬಿಲೈಜರ್ ಅಲ್ಲ.

ಕೀಲಿ ತಿರುಗಿಸಿದಾಗ 'ಟಿಕ್ ಟಿಕ್' ಸದ್ದು ಮಾತ್ರ ಬಂದು, ಡ್ಯಾಶ್‌ಬೋರ್ಡಿನ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಅದರ ಟರ್ಮಿನಲ್ ಸಡಿಲವಾಗಿದೆ ಎಂದರ್ಥ.

ಎಂಜಿನ್ ಚುರುಕಾಗಿ ತಿರುಗಿಯೂ ಚಾಲೂ ಆಗದಿದ್ದರೆ, ಇಲ್ಲವೇ ಒಂದೆರಡು ಸೆಕೆಂಡು ಚಾಲೂ ಆಗಿ ತಕ್ಷಣ ನಿಂತು, ಪ್ರತಿ ಬಾರಿಯೂ ಹಾಗೆಯೇ ಆಗುತ್ತಿದ್ದರೆ, ಕಳ್ಳತನ ತಡೆ ವ್ಯವಸ್ಥೆಯ ಮೇಲೆ ಅನುಮಾನ ಪಡಬೇಕು. ಆಗ ನೋಡಬೇಕಾದುದು ಡ್ಯಾಶ್‌ಬೋರ್ಡಿನಲ್ಲಿರುವ ಕೀಲಿ ಅಥವಾ ಬೀಗದ ಚಿತ್ರದ ಪುಟ್ಟ ದೀಪವನ್ನು. ಬಹುತೇಕ ಕಾರುಗಳಲ್ಲಿ ಇಗ್ನಿಷನ್ ಆನ್ ಮಾಡಿದಾಗ ಅದು ಕೆಲವು ಕ್ಷಣ ಬೆಳಗಿ ಆರಬೇಕು. ಆರದೆ ಮಿಣುಕುತ್ತಲೇ ಇದ್ದರೆ ಕೀಲಿಯ ಗುರುತು ಸಿಕ್ಕಿಲ್ಲ ಎಂದು ತಿಳಿಯಬೇಕು. ಕಾರು ಬೀಗ ಹಾಕಿ ನಿಂತಿರುವಾಗ ಕೆಂಪು ದೀಪ ನಿಧಾನವಾಗಿ ಮಿಣುಕುವುದು ಮಾತ್ರ ಸಹಜ. ಅದು ದೋಷದ ಸೂಚನೆಯಲ್ಲ. ದೀಪದ ಭಾಷೆ ಮಾದರಿಯಿಂದ ಮಾದರಿಗೆ ತುಸು ಬದಲಾಗುವುದರಿಂದ ಕಾರಿನೊಂದಿಗೆ ಬಂದ ಕೈಪಿಡಿಯನ್ನು ಒಮ್ಮೆ ನೋಡಿಕೊಳ್ಳಬೇಕು.

ದೀಪ ಸರಿಯಾಗಿ ಆರಿಯೂ ಎಂಜಿನ್ ಚಾಲೂ ಆಗದಿದ್ದರೆ ಇಂಧನ ಪಂಪು, ಫ್ಯೂಸ್, ಸೆನ್ಸರ್ ಮೊದಲಾದವುಗಳತ್ತ ಗಮನ ಹರಿಸುವುದು ಸೂಕ್ತ. ಸ್ವಯಂಚಾಲಿತ ಗೇರಿನ ಕಾರಾದರೆ ಗೇರ್ ಸನ್ನೆ 'ಪಿ' ಅಥವಾ 'ಎನ್' ಸ್ಥಾನದಲ್ಲಿದೆಯೇ, ಬಟನ್ ಒತ್ತಿ ಚಾಲೂ ಮಾಡುವ ಕಾರಾದರೆ ಬ್ರೇಕ್ ಅಥವಾ ಕ್ಲಚ್ ಪೂರ್ತಿ ಒತ್ತಲಾಗಿದೆಯೇ ಎಂಬುದನ್ನೂ ನೋಡಬೇಕು.

ಮಾಲೀಕರೇ ಮಾಡಬಹುದಾದ ಪರೀಕ್ಷೆಗಳು

ಮೊದಲನೆಯದು, ಎರಡನೇ ಕೀಲಿಯ ಪರೀಕ್ಷೆ. ಕಾರು ಕೊಂಡಾಗ ಬಂದ ಮತ್ತೊಂದು ಕೀಲಿಯಿಂದ ಎಂಜಿನ್ ಚಾಲೂ ಆದರೆ ದೋಷ ಮೊದಲ ಕೀಲಿಯಲ್ಲೇ ಇದೆ ಎಂದು ನಿಶ್ಚಯಿಸಬಹುದು. ಕೀಲಿ ಕಲ್ಲಿನ ಮೇಲೆ ಬಿದ್ದೋ, ಬಟ್ಟೆಯೊಂದಿಗೆ ವಾಷಿಂಗ್ ಮೆಷೀನಿಗೆ ಹೋಗಿಯೋ ಚಿಪ್ ಕೆಟ್ಟಿರಬಹುದು. ಹಿಡಿಕೆಯ ಕವಚವನ್ನು ಬದಲಾಯಿಸುವಾಗ ಹಳೆಯ ಕವಚದೊಳಗೇ ಚಿಪ್ ಉಳಿದುಹೋಗುವುದೂ ಉಂಟು. ಅಂಗಡಿಯಿಂದ ಕವಚ ಹಾಕಿಸಿಕೊಂಡ ಮರುದಿನವೇ ಕಾರು ಹಟ ಹಿಡಿದರೆ ಹಳೆಯ ಕವಚವನ್ನು ಹುಡುಕುವುದೇ ಮೊದಲ ಕೆಲಸ. ಎರಡೂ ಕೀಲಿಗಳಿಗೆ ಕಾರು ಸ್ಪಂದಿಸದಿದ್ದರೆ ದೋಷ ಕಾರಿನೊಳಗಿದೆ.

ಎರಡನೆಯದು, ಕೀಲಿಗೊಂಚಲನ್ನು ಬಿಡಿಸುವುದು. ಒಂದೇ ಗೊಂಚಲಿನಲ್ಲಿ ಇನ್ನೊಂದು ವಾಹನದ ಚಿಪ್ ಕೀಲಿ ಇದ್ದರೆ ಎರಡು ಸಂಕೇತಗಳು ಬೆರೆತು ಗೊಂದಲವಾಗಬಹುದು. ಕಾರಿನ ಕೀಲಿಯನ್ನು ಮಾತ್ರ ಬೇರ್ಪಡಿಸಿ, ಇಗ್ನಿಷನ್ ಆಫ್ ಮಾಡಿ, ತುಸು ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ತಪ್ಪು ಸಂಕೇತ ಪದೇ ಪದೇ ಬಂದರೆ ಕೆಲವು ಮಾದರಿಗಳು ಕೆಲ ನಿಮಿಷಗಳ ಕಾಲ ಸಂಪೂರ್ಣ ಬೀಗ ಹಾಕಿಕೊಳ್ಳುತ್ತವೆ. ಆದ್ದರಿಂದ ಹತ್ತಾರು ಬಾರಿ ಕೀಲಿ ತಿರುಗಿಸುತ್ತ ಬ್ಯಾಟರಿಯನ್ನು ಬರಿದು ಮಾಡಿಕೊಳ್ಳುವುದು ಜಾಣತನವಲ್ಲ.

ಮೂರನೆಯದು, ಕೀಲಿಯ ಸೆಲ್. ರಿಮೋಟ್ ಕೀಲಿಯ ಸೆಲ್ ಮುಗಿದರೆ ಬಾಗಿಲಿನ ಬೀಗ ತೆರೆಯದೆ ಇರಬಹುದು, ಆದರೆ ರಂಧ್ರಕ್ಕೆ ತೂರಿಸುವ ಕೀಲಿಯಿಂದ ಎಂಜಿನ್ ಚಾಲೂ ಆಗಲು ಆ ಸೆಲ್ ಬೇಕಿಲ್ಲ. ಬಟನ್ ಒತ್ತಿ ಚಾಲೂ ಮಾಡುವ ಕಾರುಗಳ ಸ್ಮಾರ್ಟ್ ಕೀಲಿಯ ವಿಷಯ ಬೇರೆ. ಸೆಲ್ ದುರ್ಬಲವಾದರೆ ಕೀಲಿ ಕಾರಿನೊಳಗಿದ್ದರೂ 'ಕೀಲಿ ಕಾಣುತ್ತಿಲ್ಲ' ಎಂಬ ಸಂದೇಶ ಬರುತ್ತದೆ. ಆಗ ಕೀಲಿಯನ್ನು ಸ್ಟಾರ್ಟ್ ಬಟನ್ನಿಗೆ ತಾಗಿಸಿ ಹಿಡಿದು ಒತ್ತಿದರೆ ಹಲವು ಕಾರುಗಳು ಚಾಲೂ ಆಗುತ್ತವೆ. ಕೆಲವು ಕಾರುಗಳಲ್ಲಿ ಕೀಲಿಯನ್ನು ಇಡಲು ಬೇರೆಯೇ ಜಾಗವಿರುತ್ತದೆ. ಸೆಲ್ಲಿನ ಬೆಲೆ ಅಲ್ಪ. ಹಲವು ಕೀಲಿಗಳಲ್ಲಿ ಬಳಕೆಯಾಗುವುದು ಸಿಆರ್ 2032 ಎಂಬ 3 ವೋಲ್ಟಿನ ಗುಂಡಿ ಸೆಲ್.

ನಾಲ್ಕನೆಯದು, ಕಾರಿನ ಬ್ಯಾಟರಿ. ಪೂರ್ಣ ಚಾರ್ಜ್ ಆದ ಬ್ಯಾಟರಿಯಲ್ಲಿ ಸುಮಾರು 12.6 ವೋಲ್ಟ್ ಇರಬೇಕು. ಸ್ಟಾರ್ಟರ್ ತಿರುಗುವಾಗ ವೋಲ್ಟೇಜ್ ತೀರಾ ಕುಸಿದರೆ ಇಮ್ಮೊಬಿಲೈಜರ್ ಮತ್ತು ಇಸಿಯು ನಡುವಿನ ಮಾತುಕತೆ ಕಡಿದುಹೋಗಬಹುದು. ಆಗ ದೀಪ ಇಮ್ಮೊಬಿಲೈಜರ್ ಕಡೆಗೆ ಬೆರಳು ತೋರಿಸುತ್ತದೆ, ಆದರೆ ನಿಜವಾದ ದೋಷ ಬ್ಯಾಟರಿಯಲ್ಲಿರುತ್ತದೆ. ಒಳ್ಳೆಯ ಬ್ಯಾಟರಿಯಿಂದ ಜಂಪ್ ಸ್ಟಾರ್ಟ್ ಮಾಡಿ ನೋಡುವುದರಿಂದ ಇದು ಸ್ಪಷ್ಟವಾಗುತ್ತದೆ.

ಹೊರಗಿನ ಅಲಾರಂ: ಇನ್ನೊಂದು ಶಂಕಿತ

ಕಾರು ಕೊಂಡ ಮೇಲೆ ಅಕ್ಸೆಸರೀಸ್ ಅಂಗಡಿಗಳಲ್ಲಿ ಸೆಂಟ್ರಲ್ ಲಾಕ್ ಮತ್ತು ಅಲಾರಂ ಹಾಕಿಸಿಕೊಳ್ಳುವ ರೂಢಿ ಬಹಳ ಕಾಲ ನಮ್ಮಲ್ಲಿತ್ತು. ಹಳೆಯ ಕಾರುಗಳಲ್ಲಿ ಇಂದಿಗೂ ಅವು ಉಳಿದಿವೆ. ಇವು ಕೀಲಿಯ ಚಿಪ್ಪನ್ನು ಓದುವುದಿಲ್ಲ. ಇಗ್ನಿಷನ್, ಸ್ಟಾರ್ಟರ್ ಅಥವಾ ಇಂಧನ ಪಂಪಿನ ತಂತಿಯನ್ನು ಕತ್ತರಿಸಿ ನಡುವೆ ಒಂದು ರಿಲೇ ಜೋಡಿಸಲಾಗಿರುತ್ತದೆ. ಟೇಪ್ ಸುತ್ತಿದ ಆ ಜೋಡಣೆ ವರ್ಷಗಳ ನಂತರ ಸಡಿಲವಾಗುತ್ತದೆ, ತುಕ್ಕು ಹಿಡಿಯುತ್ತದೆ. ಕರಾವಳಿ ಮತ್ತು ಮಲೆನಾಡಿನ ಮಳೆಗಾಲದ ತೇವಕ್ಕೆ ಈ ತೊಂದರೆ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಬೆಚ್ಚಗಿನ ಜಾಗ ಹುಡುಕಿ ಬಾನೆಟ್ಟಿನೊಳಗೆ ಸೇರುವ ಇಲಿಗಳು ತಂತಿ ಕಡಿಯುವುದೂ ಸಾಮಾನ್ಯ. ಇಂಥ ಅಲಾರಂ ಇರುವ ಕಾರು ಆಗಾಗ ಚಾಲೂ ಆಗಿ ಆಗಾಗ ಕೈಕೊಡುತ್ತಿದ್ದರೆ, ದುಬಾರಿಯಾದ ಇಸಿಯುವನ್ನು ದೂರುವ ಮೊದಲು ಈ ರಿಲೇ ಜೋಡಣೆಯನ್ನು ಆಟೊ ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷಿಸಬೇಕು.

ಗ್ಯಾರೇಜಿನಲ್ಲಿ ಕೇಳಬೇಕಾದುದು

ಮನೆಯ ಪರೀಕ್ಷೆಗಳಿಂದ ಪ್ರಯೋಜನವಾಗದಿದ್ದರೆ ಸ್ಕ್ಯಾನರ್ ಬೇಕು. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಎರಡನೇ ಹಂತದ ಒಬಿಡಿ ವ್ಯವಸ್ಥೆ ಜಾರಿಯಲ್ಲಿರುವುದರಿಂದ ಆ ಬಳಿಕದ ಕಾರುಗಳ ದೋಷ ಸಂಕೇತಗಳನ್ನು ಓದುವುದು ಸುಲಭ. ಪಿ 0513 ಎಂದರೆ ಇಮ್ಮೊಬಿಲೈಜರ್ ಕೀಲಿ ತಪ್ಪು, ಪಿ 0633 ಎಂದರೆ ಕೀಲಿಯನ್ನು ಇಸಿಯುಗೆ ಪರಿಚಯಿಸಿಲ್ಲ, ಯು 0167 ಎಂದರೆ ಇಮ್ಮೊಬಿಲೈಜರ್ ಘಟಕದೊಂದಿಗೆ ಸಂಪರ್ಕ ಕಡಿದಿದೆ ಎಂದರ್ಥ. ಮೊದಲೆರಡು ಕೀಲಿಯ ಕಡೆಗೂ, ಕೊನೆಯದು ಫ್ಯೂಸ್, ತಂತಿ ಮತ್ತು ಘಟಕದ ಕಡೆಗೂ ದಾರಿ ತೋರಿಸುತ್ತವೆ. ಯಾವ ಸಂಕೇತ ಬಂದಿದೆ ಎಂಬುದನ್ನು ಮಾಲೀಕರು ಬರೆದಿಟ್ಟುಕೊಂಡರೆ ಅನಗತ್ಯ ಬಿಡಿಭಾಗಗಳಿಗೆ ಹಣ ತೆರುವ ಪ್ರಸಂಗ ತಪ್ಪುತ್ತದೆ.

ಗುಜರಿಯಿಂದ ಅಗ್ಗದ ಇಸಿಯು ತಂದು ಹಾಕಿದರೆ ಸಮಸ್ಯೆ ಬಗೆಹರಿಯದು. ಆ ಇಸಿಯು ತನ್ನ ಹಳೆಯ ಕಾರಿನ ಇಮ್ಮೊಬಿಲೈಜರ್‌ಗೆ ಹೊಂದಿಕೊಂಡಿರುತ್ತದೆ. ಹೊಸದಾಗಿ ಹೊಂದಾಣಿಕೆ ಮಾಡದೆ ಅದು ಈ ಕಾರಿನ ಕೀಲಿಯನ್ನು ಒಪ್ಪುವುದಿಲ್ಲ.

ಕೆಲವರು ಸುಲಭದ ದಾರಿಯಾಗಿ ಇಮ್ಮೊಬಿಲೈಜರ್ ಅನ್ನೇ 'ಆಫ್' ಮಾಡಿಸುತ್ತಾರೆ. ಇನ್ನು ಕೆಲವೆಡೆ ಚಿಪ್ ಒಂದನ್ನು ಸುರುಳಿಯ ಪಕ್ಕದಲ್ಲೇ ಶಾಶ್ವತವಾಗಿ ಅಂಟಿಸಿ, ಚಿಪ್ ಇಲ್ಲದ ಸಾಧಾರಣ ಕೀಲಿಯಿಂದ ಕಾರು ಓಡುವಂತೆ ಮಾಡಲಾಗುತ್ತದೆ. ಎರಡರ ಪರಿಣಾಮವೂ ಒಂದೇ: ಬೀಗ ಮುರಿಯಬಲ್ಲ ಯಾರೇ ಆದರೂ ಕಾರನ್ನು ಒಯ್ಯಬಹುದು. ಕಾರು ಕಳವಾದರೆ, ಮೂಲ ವ್ಯವಸ್ಥೆಯನ್ನು ಬದಲಿಸಿದ ಕಾರಣಕ್ಕೆ ವಿಮೆಯ ಪರಿಹಾರದಲ್ಲೂ ತಕರಾರು ಏಳಬಹುದು.

ಕೀಲಿ ಕಳೆದುಹೋದರೆ

ಕೀಲಿ ಕಳೆದಾಗ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಇಟ್ಟುಕೊಳ್ಳಬೇಕು. ಅಧಿಕೃತ ಮಾರಾಟ ಮಳಿಗೆಯಲ್ಲಿ ಹೊಸ ಕೀಲಿ ಪಡೆಯಲು ಆರ್‌ಸಿ ಮತ್ತು ಗುರುತಿನ ಚೀಟಿಯ ಜೊತೆಗೆ ಈ ದೂರಿನ ಪ್ರತಿಯನ್ನೂ ಕೇಳುವುದುಂಟು. ಉಳಿದಿರುವ ಎಲ್ಲ ಕೀಲಿಗಳನ್ನೂ ಅಲ್ಲಿಗೆ ಒಯ್ಯುವುದು ಅಗತ್ಯ. ಹಲವು ಮಾದರಿಗಳಲ್ಲಿ ಹೊಸ ಕೀಲಿಯನ್ನು ದಾಖಲಿಸುವಾಗ ಹಳೆಯ ದಾಖಲೆ ಅಳಿಸಿಹೋಗಿ, ಆ ಹೊತ್ತಿನಲ್ಲಿ ಕೈಯಲ್ಲಿರುವ ಕೀಲಿಗಳಷ್ಟೇ ಹೊಸದಾಗಿ ಸೇರ್ಪಡೆಯಾಗುತ್ತವೆ. ಕಳೆದ ಕೀಲಿ ಕಳ್ಳನ ಕೈಗೆ ಸಿಕ್ಕರೂ ಎಂಜಿನ್ ಚಾಲೂ ಆಗದಂತೆ ಮಾಡುವ ಉಪಾಯವೂ ಇದೇ.

ಕಾರು ಕಳವಾದಾಗ ವಿಮಾ ಕಂಪನಿಗಳು ಸಾಮಾನ್ಯವಾಗಿ ಎರಡೂ ಮೂಲ ಕೀಲಿಗಳನ್ನು ಒಪ್ಪಿಸಲು ಕೇಳುತ್ತವೆ. ಒಂದು ಕೀಲಿ ಎಂದೋ ಕಳೆದಿದ್ದು, ಅದಕ್ಕೆ ಯಾವ ದಾಖಲೆಯೂ ಇಲ್ಲದಿದ್ದರೆ ಮಾಲೀಕರು ವಿವರಣೆ ನೀಡುತ್ತ ಅಲೆಯಬೇಕಾಗುತ್ತದೆ. ಹಳೆಯ ಕಾರು ಕೊಳ್ಳುವವರೂ ಎರಡೂ ಕೀಲಿಗಳನ್ನು ಕೇಳಿ ಪಡೆದು, ಎರಡರಿಂದಲೂ ಎಂಜಿನ್ ಚಾಲೂ ಮಾಡಿ ನೋಡಿದ ಮೇಲೆಯೇ ಮುಂಗಡ ಕೊಡುವುದು ಕ್ಷೇಮ.

ಎರಡನೇ ಕೀಲಿಯನ್ನು ಕಾರಿನೊಳಗೆ ಬಿಡದೆ ಮನೆಯಲ್ಲಿ ಭದ್ರವಾಗಿಡಬೇಕು, ಆರು ತಿಂಗಳಿಗೊಮ್ಮೆಯಾದರೂ ಅದರಿಂದ ಕಾರು ಚಾಲೂ ಮಾಡಿ ನೋಡಬೇಕು. ಕೀಲಿಯ ಸಂಖ್ಯೆ ಇರುವ ಚೀಟಿ ಅಥವಾ ತಗಡಿನ ಬಿಲ್ಲೆ ಕಾರಿನೊಂದಿಗೆ ಬಂದಿದ್ದರೆ ಅದನ್ನು ಕಾರಿನ ಕಾಗದಪತ್ರಗಳಿಂದ ಬೇರೆಯಾಗಿ ಮನೆಯಲ್ಲೇ ಕಾಪಾಡಿಕೊಳ್ಳಬೇಕು. ಇರುವ ಒಂದೇ ಕೀಲಿಯೂ ಕೈತಪ್ಪಿದರೆ ಕಾರನ್ನು ಎಳೆಸಿಕೊಂಡು ಹೋಗುವ ವೆಚ್ಚ, ಹೊಸ ಕೀಲಿಯ ಬೆಲೆ, ಅದನ್ನು ದಾಖಲಿಸುವ ಶುಲ್ಕ ಎಲ್ಲವೂ ಸೇರಿ ಸಾವಿರಾರು ರೂಪಾಯಿ ಆಗುತ್ತದೆ. ಎರಡನೇ ಕೀಲಿ ಸುಸ್ಥಿತಿಯಲ್ಲಿರುವಾಗಲೇ ಅದರ ಪ್ರತಿ ಮಾಡಿಸಿಕೊಂಡರೆ ಆ ಖರ್ಚಿನ ಬಹುಪಾಲು ಉಳಿಯುತ್ತದೆ.